ಬಿಯೊಕೊವೊ ಬೆಟ್ಟ: ಮಕಾರ್ ಹಳ್ಳಿಯಿಂದ ನಡೆದು ಹತ್ತುವುದೋ, ಕಾರಿನಲ್ಲಿ ಹೋಗುವುದೋ?

ಪ್ರಶ್ನೆ — ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ನಾಲ್ಕು ವರ್ಷಗಳಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಜೂನ್ ಮೊದಲ ವಾರದಲ್ಲಿ ಶಿವಮೊಗ್ಗದಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. 2023ರ ಜನವರಿಯಲ್ಲಿ ಕ್ರೊಯೇಷಿಯಾ ಷೆಂಗೆನ್ ವಲಯಕ್ಕೆ ಸೇರಿದ್ದರಿಂದ ಅವರಿಗೆ ಬೇರೆ ವೀಸಾ ಬೇಕಿಲ್ಲ. ಹೀಗಾಗಿ ನಾಲ್ಕು ದಿನ ಮಕಾರ್ಸ್ಕಾ ಪಟ್ಟಣದಲ್ಲಿ ಉಳಿದು, ಅದರ ಬೆನ್ನಿಗೇ ಎದ್ದು ನಿಂತಿರುವ ಬಿಯೊಕೊವೊ ಪ್ರಕೃತಿ ಉದ್ಯಾನವನ್ನು ನೋಡಬೇಕೆಂದು ನಾನು ಮತ್ತು ನನ್ನ ಹೆಂಡತಿ ನಿಶ್ಚಯಿಸಿದ್ದೇವೆ.

ನನಗೆ ಚಾರಣದ ಅಭ್ಯಾಸವಿದೆ. ಕುಮಾರಪರ್ವತವನ್ನು ಕುಕ್ಕೆಯ ಕಡೆಯಿಂದ ಎರಡು ಸಲ ಹತ್ತಿದ್ದೇನೆ. ಕೊಡಚಾದ್ರಿಯಂತೂ ಊರ ಬೆಟ್ಟವಿದ್ದಂತೆ. ಆದ್ದರಿಂದ ಮಕಾರ್ ಹಳ್ಳಿಯಿಂದ ಹೊರಟು, ವೊಶಾತ್ಸ್ ಶಿಖರದ ಮೂಲಕ ತುತ್ತತುದಿಯಾದ ಸ್ವೇತಿ ಯೂರೆಯನ್ನು ಮುಟ್ಟಿ, ಅದೇ ದಿನ ನಡೆದೇ ಇಳಿದು ಬರಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ಅಪ್ಪನಿಗೆ ಅರವತ್ತಾರು ವರ್ಷ, ಮೊಣಕಾಲಿನ ನೋವಿದೆ. ಅಮ್ಮ ಚೆನ್ನಾಗಿ ನಡೆಯುತ್ತಾರೆ, ಆದರೆ ಎತ್ತರದ ಅಂಚಿನಲ್ಲಿ ನಿಂತರೆ ತಲೆ ಸುತ್ತುತ್ತದೆ ಎನ್ನುತ್ತಾರೆ. ಅವರಿಬ್ಬರಿಗೂ ಹಿತವಾಗುವಂತಹ ಜಾಗ ಯಾವುದು? ಕಾರಿನಲ್ಲಿ ಗಾಜಿನ ನಡಿಗೆಮಾರ್ಗಕ್ಕೆ ಹೋಗಿ ಬಂದರೆ ಬೆಟ್ಟ ನೋಡಿದಂತೆಯೇ ಆಯಿತು ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ಅದು ನಿಜವೇ?

ಉತ್ತರ — ಹಳೆಬೂಟು

ನಿಮ್ಮ ಸಹೋದ್ಯೋಗಿಯ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಅದಕ್ಕೆ ಆಮೇಲೆ ಬರುತ್ತೇನೆ.

ದೂರದ ಬೆಟ್ಟ ನುಣ್ಣಗೆ ಎಂಬ ನಮ್ಮ ಗಾದೆ ಬಿಯೊಕೊವೊದ ಮಟ್ಟಿಗೆ ಸುಳ್ಳು. ಮಕಾರ್ಸ್ಕಾದ ಕಡಲತೀರದಲ್ಲಿ ನಿಂತು ನೋಡಿದರೂ ಅದು ಒರಟು ಗೋಡೆಯಂತೆಯೇ ಕಾಣುತ್ತದೆ, ಹತ್ತಿರ ಹೋದರೆ ಇನ್ನೂ ಒರಟಾಗುತ್ತದೆ. ಸಮುದ್ರಮಟ್ಟದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಸ್ವೇತಿ ಯೂರೆ 1762 ಮೀಟರ್ ಎತ್ತರಕ್ಕೆ ಏರಿದೆ. ಕುಮಾರಪರ್ವತ 1712 ಮೀಟರ್ ಎಂಬುದನ್ನು ನೆನೆದರೆ, ಏರಬೇಕಾದ ಎತ್ತರ ಹೆಚ್ಚುಕಡಿಮೆ ಅಷ್ಟೇ ಎಂದು ನಿಮಗೆ ತಿಳಿಯುತ್ತದೆ. ಆದರೆ ಈ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿ. ಕುಮಾರಪರ್ವತದಲ್ಲಿ ಅರ್ಧ ದಾರಿ ಕಾಡಿನ ನೆರಳು, ನಡುವೆ ಗಿರಿಗದ್ದೆಯಲ್ಲಿ ಭಟ್ಟರ ಮನೆಯ ಊಟ, ಹಳ್ಳದ ನೀರು. ಮಕಾರ್‌ನಿಂದ ಹೊರಡುವ ದಾರಿಯಲ್ಲಿ ಇವು ಮೂರೂ ಇಲ್ಲ. ಹಳ್ಳಿ ದಾಟಿ ಸ್ವಲ್ಪ ಹೊತ್ತಿಗೆ ಪೈನ್ ಮರಗಳು ಮುಗಿಯುತ್ತವೆ. ಆಮೇಲೆ ಬಿಳಿ ಬಂಡೆ, ಸಡಿಲ ಜಲ್ಲಿ, ಬಂಡೆಯ ಮೈಮೇಲೆ ಹಾವಿನಂತೆ ಹೊರಳಿ ಹೊರಳಿ ಏರುವ ಹಳೆಯ ಹೇಸರಗತ್ತೆ ದಾರಿ.

ಮಕಾರ್‌ನಿಂದ ವೊಶಾತ್ಸ್‌ಗೆ ಸುಮಾರು 1200 ಮೀಟರ್ ಏರಿಕೆ. ಅಭ್ಯಾಸವಿರುವವರಿಗೆ ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ವೊಶಾತ್ಸ್‌ನಿಂದ ಸ್ವೇತಿ ಯೂರೆಗೆ ನೇರವಾದ ದಿಣ್ಣೆ ಇಲ್ಲ. ಒಮ್ಮೆ ತಗ್ಗಿಗೆ ಇಳಿದು, ಹುಲ್ಲಿನ ಬಯಲು ಮತ್ತು ಬಾಣಲೆಯಂತಹ ಕುಳಿಗಳ ನಡುವೆ ಸುತ್ತಿ, ಮತ್ತೆ ಏರಬೇಕು. ಇದಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ನಡೆದೇ ಹೋಗಿ ನಡೆದೇ ಬರುವುದಾದರೆ ಹತ್ತರಿಂದ ಹನ್ನೊಂದು ಗಂಟೆಯ ದಿನ ಅದು. ಜೂನ್‌ನಲ್ಲಿ ರಾತ್ರಿ ಎಂಟೂವರೆಯವರೆಗೆ ಬೆಳಕಿರುತ್ತದೆ. ಹಾಗಾಗಿ ಹೊತ್ತು ಸಾಲದು ಎಂಬ ಭಯವಿಲ್ಲ. ನೀರು ಸಾಲದು ಎಂಬ ಭಯವಿದೆ. ನಾನು ಒಬ್ಬನೇ ನಾಲ್ಕು ಲೀಟರ್ ಹೊತ್ತಿದ್ದೆ, ಕೊನೆಯ ಗುಟುಕನ್ನು ಮಕಾರ್ ಹಳ್ಳಿಯ ಮೇಲಿನ ತಿರುವಿನಲ್ಲಿ ಕುಡಿದೆ.

ಒಂದು ಅನುಕೂಲವೂ ಇದೆ. ಈ ಗೋಡೆ ನೈಋತ್ಯಕ್ಕೆ ಮುಖಮಾಡಿದೆ, ಸೂರ್ಯ ಅದರ ಬೆನ್ನಿನ ಕಡೆಯಿಂದ ಹುಟ್ಟುತ್ತಾನೆ. ಐದೂವರೆಗೆ ಮಕಾರ್ ಬಿಟ್ಟರೆ ಕಡಿದಾದ ಭಾಗದ ಬಹುಪಾಲನ್ನು ಬೆಟ್ಟದ ನೆರಳಿನಲ್ಲಿಯೇ ಮುಗಿಸಬಹುದು. ಎಂಟಕ್ಕೆ ಹೊರಟವರು ಬಾಣಲೆಯ ಮೇಲಿನ ಜೋಳದ ರೊಟ್ಟಿಯಾಗುತ್ತಾರೆ. ಬಿಳಿ ಕಲ್ಲು ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಎಸೆಯುತ್ತದೆ.

ಇನ್ನು ನೋಟದ ವಿಷಯ. ಒಂದೇ ಕಡೆ ನಿಲ್ಲಲು ಹೊತ್ತಿದೆ ಎಂದಾದರೆ ನನ್ನ ಆಯ್ಕೆ ವೊಶಾತ್ಸ್, ಸ್ವೇತಿ ಯೂರೆ ಅಲ್ಲ. ಸ್ವೇತಿ ಯೂರೆ ಬೆಟ್ಟಸಾಲಿನ ಒಳಭಾಗದಲ್ಲಿದೆ, ತುದಿಯಲ್ಲಿ ದೂರದರ್ಶನದ ಪ್ರಸಾರ ಗೋಪುರ ಕುಳಿತಿದೆ. ಅದನ್ನು ಕಟ್ಟುವಾಗ ಸಂತ ಯೂರೆಯ ಹಳೆಯ ಪ್ರಾರ್ಥನಾಮಂದಿರವನ್ನು ತೆಗೆದು, ಪಕ್ಕದಲ್ಲಿ ಹೊಸದನ್ನು ಕಟ್ಟಿಕೊಟ್ಟರು. ಅಲ್ಲಿಂದ ಒಂದು ಕಡೆ ಕಡಲು, ಇನ್ನೊಂದು ಕಡೆ ಬೋಸ್ನಿಯಾದ ಬೆಟ್ಟಗಳು ಅಲೆಯ ಹಿಂದೆ ಅಲೆಯಂತೆ ಕಾಣುವುದು ನಿಜ. ಆದರೆ ಸುಮಾರು 1420 ಮೀಟರ್‌ನ ವೊಶಾತ್ಸ್ ಗೋಡೆಯ ನೆತ್ತಿಯ ಮೇಲೆಯೇ ಇದೆ. ಕಾಲಬುಡದಲ್ಲಿ ಮಕಾರ್ಸ್ಕಾದ ಕುದುರೆಲಾಳದಂತಹ ಬಂದರು, ಅದರಾಚೆ ಬ್ರಾಚ್, ಹ್ವಾರ್ ದ್ವೀಪಗಳು, ಎಡಕ್ಕೆ ಪೆಲ್ಯೆಶಾತ್ಸ್ ಪರ್ಯಾಯದ್ವೀಪ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದಿರುವುದರಿಂದ ಸಮುದ್ರದ ನೀಲಿಯ ಬಗೆಬಗೆ ಛಾಯೆಗಳು ಆಗಲೇ ಚೆನ್ನಾಗಿ ತೆರೆಯುತ್ತವೆ.

ಉತ್ತರ — ಸುಣ್ಣದಗೂಡು

ಹಳೆಬೂಟು ಅವರು ನೀರಿಲ್ಲ ಎಂದು ಹೇಳಿದ್ದಾರೆ. ಅದು ಏಕೆ ಇಲ್ಲ ಎಂದು ತಿಳಿದರೆ ದಾರಿಯ ಸ್ವಭಾವವೂ ತಿಳಿಯುತ್ತದೆ. ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ.

ಬಿಯೊಕೊವೊ ಬಹುಪಾಲು ಸುಣ್ಣಕಲ್ಲಿನ ಬೆಟ್ಟ. ವೀಳ್ಯಕ್ಕೆ ಹಚ್ಚುವ ಸುಣ್ಣಕ್ಕೂ ಈ ಕಲ್ಲಿಗೂ ಮೂಲದ್ರವ್ಯ ಒಂದೇ. ಡೈನೋಸಾರ್‌ಗಳ ಕಾಲದ ಆಳವಿಲ್ಲದ ಬೆಚ್ಚನೆಯ ಕಡಲಿನ ತಳದಲ್ಲಿ ಶೇಖರವಾದ ಪದರಗಳು ಆಮೇಲೆ ಮಡಿಚಿ, ಒಂದರ ಮೇಲೊಂದು ಏರಿ ಬೆಟ್ಟವಾದವು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೀರ ಸೌಮ್ಯವಾದ ಆಮ್ಲವಾಗುತ್ತದೆ, ಮತ್ತು ಆ ಆಮ್ಲ ಸುಣ್ಣಕಲ್ಲನ್ನು ಕರಗಿಸುತ್ತಾ ಬಿರುಕುಗಳನ್ನು ಹಿಗ್ಗಿಸುತ್ತದೆ. ಸಾವಿರಾರು ವರ್ಷ ಹೀಗೆ ನಡೆದ ಮೇಲೆ ಬೆಟ್ಟವೆಂಬುದು ಒಂದು ಜರಡಿಯಾಗುತ್ತದೆ. ಸುರಿದ ಮಳೆ, ಕರಗಿದ ಹಿಮ ಎಲ್ಲವೂ ಮೇಲೆ ಹರಿಯದೆ ಒಳಗೆ ಇಳಿದುಬಿಡುತ್ತದೆ. ಅಲ್ಲಿ 700 ಮೀಟರಿಗೂ ಹೆಚ್ಚು ಆಳದ ಕೂಪಗಳಿವೆ ಎಂದರೆ ಆ ಜರಡಿಯ ಕಣ್ಣು ಎಷ್ಟು ದೊಡ್ಡದು ಎಂದು ಊಹಿಸಿಕೊಳ್ಳಿ. ಸ್ಲೊವೇನಿಯಾ ಮತ್ತು ಇಟಲಿಯ ಗಡಿಯಲ್ಲಿರುವ ಕ್ರಾಸ್ ಎಂಬ ಪ್ರಸ್ಥಭೂಮಿಯ ಹೆಸರಿನಿಂದಲೇ ಇಂತಹ ನೆಲಕ್ಕೆ ಜಗತ್ತಿನಾದ್ಯಂತ ಕಾರ್ಸ್ಟ್ ಎಂಬ ಹೆಸರು ಬಂದಿದೆ.

ಬೆಟ್ಟದ ಬುಡದಲ್ಲಿ ಮಾತ್ರ ನೀರನ್ನು ಒಳಬಿಡದ ಜೇಡಿ ಮತ್ತು ಮರಳುಕಲ್ಲಿನ ಪದರಗಳಿವೆ. ಒಳಗೆ ಇಳಿದ ನೀರು ಅವುಗಳಿಗೆ ತಡೆದು ಊಟೆಯಾಗಿ ಹೊರಬರುತ್ತದೆ. ಮಕಾರ್, ಕೊತಿಶಿನಾದಂತಹ ಹಳೆಯ ಹಳ್ಳಿಗಳೂ ಆಲಿವ್ ತೋಟಗಳೂ ಸಾಲಾಗಿ ಅದೇ ಎತ್ತರದಲ್ಲಿ ಇರುವುದಕ್ಕೆ ಇದೇ ಕಾರಣ. ಇನ್ನಷ್ಟು ನೀರು ಸಮುದ್ರದ ತಳದಲ್ಲಿಯೇ ಬುಗ್ಗೆಯೊಡೆಯುತ್ತದೆ. ಬ್ರೇಲಾ ಊರಿನ ಆಚೆ ವ್ರೂಲ್ಯಾ ಎಂಬ ಕೊಲ್ಲಿಯಿದೆ. ಸ್ಥಳೀಯ ಭಾಷೆಯಲ್ಲಿ ಆ ಪದಕ್ಕೆ ಕಡಲೊಳಗಿನ ಬುಗ್ಗೆ ಎಂದೇ ಅರ್ಥ.

ನಮ್ಮ ಯಾಣದ ಬಂಡೆಗಳೂ ಸುಣ್ಣಕಲ್ಲೇ. ಆದರೆ ಅಲ್ಲಿ ಸುತ್ತ ಕಾಡು, ತೇವ, ಮೆಟ್ಟಿಲು. ಇಲ್ಲಿ ಕಲ್ಲು ಬರಿಮೈಯಲ್ಲಿದೆ. ಮಳೆ ಕೊರೆದ ಗೀರುಗಳ ಅಂಚು ಕತ್ತಿಯಂತಿರುತ್ತದೆ; ಬಿದ್ದವರು ಅಂಗೈಯನ್ನು ಕೊಯ್ದುಕೊಳ್ಳುತ್ತಾರೆ. ತೆಳ್ಳನೆಯ ಅಡಿಯ ಶೂ ಒಂದೇ ದಿನದಲ್ಲಿ ಹಾಳಾಗುತ್ತದೆ. ಕಲ್ಲಿನ ಸಂದುಗಳಲ್ಲಿ ಪೊಸ್ಕೊಕ್ ಎಂಬ ಮೂತಿಯ ಮೇಲೆ ಕೊಂಬಿರುವ ವಿಷದ ಮಂಡಲ ಹಾವು ಇರುತ್ತದೆ. ಅದು ತಾನಾಗಿ ಮೇಲೆ ಬೀಳುವುದಿಲ್ಲ. ನೋಡದೆ ಕೈ ಇಡಬೇಡಿ, ಅಷ್ಟೇ.

ಮೇಲಿನ ಬಯಲಿನಲ್ಲಿ ಬಾಣಲೆಯಂತಹ ಕುಳಿಗಳ ತಳಕ್ಕೆ ತಪ್ಪದೆ ಇಣುಕಿ ನೋಡಿ. ತಣ್ಣನೆಯ ಗಾಳಿ ಭಾರವಾದ್ದರಿಂದ ಆಳದ ಕುಳಿಗಳಲ್ಲಿ ಕೆಳಗಿಳಿದು ಅಲ್ಲಿಯೇ ನಿಲ್ಲುತ್ತದೆ, ಹಾಗಾಗಿ ಕೆಲವೆಡೆ ಹಿಮ ಬೇಸಿಗೆಯಲ್ಲೂ ಉಳಿಯುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಊರಿನವರು ಆ ಹಿಮಗಡ್ಡೆಯನ್ನು ಕಡಿದು, ಹೇಸರಗತ್ತೆಗಳ ಮೇಲೆ ಹೇರಿ ಕರಾವಳಿಗೆ ತಂದು ಮಾರುತ್ತಿದ್ದರು. ನೀವು ಹತ್ತುವ ದಾರಿಗಳು ಚಾರಣಿಗರಿಗಾಗಿ ಹುಟ್ಟಿದವಲ್ಲ. ಕುಳಿಗಳ ತಳದ ಹಿಡಿಮಣ್ಣಿನಲ್ಲಿ ಆಲೂಗಡ್ಡೆ ಬೆಳೆದವರ, ಕುರಿ ಮೇಯಿಸಿದವರ, ಮಂಜು ಹೊತ್ತವರ ದಾರಿಗಳು ಅವು. ಗಾರೆಯಿಲ್ಲದ ಕಲ್ಲುಗೋಡೆಗಳು ಈಗಲೂ ಅಲ್ಲಲ್ಲಿ ನಿಂತಿವೆ.

ಉತ್ತರ — ಕಾಫಿತೋಟ

ತುಂಗಾತೀರ ಅವರೇ, ಹಿರಿಯರನ್ನು ಕರೆದುಕೊಂಡು ಹೋಗುವುದರ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನಾನು ಅತ್ತೆ, ಮಾವ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ.

ಮಕಾರ್ಸ್ಕಾದಿಂದ ವ್ರ್‌ಗೊರಾತ್ಸ್ ಕಡೆಗೆ ಹೋಗುವ ರಸ್ತೆಯಲ್ಲಿ ಉದ್ಯಾನದ ಗೇಟು ಸಿಗುತ್ತದೆ. ಅಲ್ಲಿಂದ ಸ್ವೇತಿ ಯೂರೆಯ ತುದಿಯವರೆಗೆ 23 ಕಿಲೋಮೀಟರ್ ಡಾಂಬರು ದಾರಿ. ದಾರಿ ಎಂದರೆ ಒಂದು ಕಾರು ಹೋಗುವಷ್ಟು ಅಗಲ. ಎದುರಿನಿಂದ ಇನ್ನೊಂದು ಬಂದರೆ ಯಾರಾದರೊಬ್ಬರು ಜಾಗವಿರುವ ತಿರುವಿನವರೆಗೆ ಹಿಂದಕ್ಕೆ ಹೋಗಬೇಕು. ಈ ಕಾರಣಕ್ಕಾಗಿಯೇ ಒಂದು ಹೊತ್ತಿಗೆ ಇಷ್ಟೇ ವಾಹನ ಎಂದು ಮಿತಿಯಿಟ್ಟು, ಸಮಯ ನಮೂದಿಸಿದ ಟಿಕೆಟನ್ನು ಮುಂಚಿತವಾಗಿ ಆನ್‌ಲೈನಿನಲ್ಲಿ ಮಾರುತ್ತಾರೆ. ಗೇಟಿಗೆ ಹೋಗಿ ನೋಡಿದರಾಯಿತು ಎಂದು ಹೊರಟರೆ ಬೇಸಿಗೆಯಲ್ಲಿ ವಾಪಸು ಬರಬೇಕಾಗುತ್ತದೆ. ಇಳಿಯುವಾಗ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿಯೇ ಇಳಿಯಿರಿ. ಘಾಟಿಯಲ್ಲಿ ಓಡಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಗೇಟಿನಿಂದ ಹದಿಮೂರನೆಯ ಕಿಲೋಮೀಟರಿನ ಸುಮಾರಿಗೆ ರಾವ್ನಾ ವ್ಲಾಷ್ಕಾ ಎಂಬಲ್ಲಿ, 1228 ಮೀಟರ್ ಎತ್ತರದಲ್ಲಿ, 2020ರಲ್ಲಿ ತೆರೆದ ಆ ಗಾಜಿನ ನಡಿಗೆಮಾರ್ಗವಿದೆ. ಕುದುರೆಲಾಳದ ಆಕಾರದಲ್ಲಿ ಬಂಡೆಯ ಅಂಚಿನಿಂದ ಹೊರಚಾಚಿಕೊಂಡಿದೆ, ನೆಲ ಗಾಜಿನದು, ಅದರ ಕೆಳಗೆ ಏನೂ ಇಲ್ಲ. ನಿಮ್ಮ ತಾಯಿಯವರನ್ನು ಅದರ ಮೇಲೆ ನಿಲ್ಲುವಂತೆ ಒತ್ತಾಯಿಸಬೇಡಿ. ಪಕ್ಕದ ಗಟ್ಟಿ ನೆಲದಲ್ಲಿ ನಿಂತರೂ ಕಾಣುವುದು ಅದೇ ಕಡಲು, ಅದೇ ದ್ವೀಪಗಳು. ಗಾಜಿನ ಮೇಲೆ ನಿಂತವರು ನೋಡುವುದು ನೋಟವನ್ನಲ್ಲ, ತಮ್ಮ ಕಾಲನ್ನು ಎಂದು ನನ್ನ ಮಾವ ಹೇಳಿದ್ದು ಈಗಲೂ ನಮ್ಮ ಮನೆಯ ಮಾತಾಗಿದೆ. ಗಾಳಿ ಜೋರಾದರೆ ಅದನ್ನು ಮುಚ್ಚುತ್ತಾರೆ.

ಕಾರನ್ನು ಇನ್ನೂ ಮೇಲಕ್ಕೆ ಒಯ್ದು ವೊಶಾತ್ಸ್‌ನ ಹತ್ತಿರ ನಿಲ್ಲಿಸಿದರೆ, ಅಲ್ಲಿಂದ ಶಿಖರಕ್ಕೆ ಸ್ವಲ್ಪವೇ ನಡಿಗೆ. ನಮ್ಮ ಮಾವ ಕೋಲು ಹಿಡಿದು ನಿಧಾನವಾಗಿ ಹತ್ತಿದರು, ಅತ್ತೆ ಕೆಳಗಿನ ಹುಲ್ಲಿನಲ್ಲಿ ಕುಳಿತು ಚಿತ್ರಾನ್ನದ ಡಬ್ಬಿ ಬಿಚ್ಚಿದರು.

ಇನ್ನೊಂದು ದಿನಕ್ಕೆ ಕೊತಿಶಿನಾದ ಸಸ್ಯೋದ್ಯಾನವನ್ನು ಇಟ್ಟುಕೊಳ್ಳಿ. ಮಕಾರ್ಸ್ಕಾದ ಮೇಲಿನ ಇಳಿಜಾರಿನಲ್ಲಿದೆ. ಯೂರೆ ರಾದಿಚ್ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಕಟ್ಟಿದ್ದು; ಪಟ್ಟಣದ ಮಠದಲ್ಲಿರುವ ಕಪ್ಪೆಚಿಪ್ಪು, ಶಂಖಗಳ ಸಂಗ್ರಹಾಲಯವೂ ಅವರದೇ ಶ್ರಮ. ಉದ್ಯಾನ ಎಂದಾಕ್ಷಣ ಲಾಲ್‌ಬಾಗನ್ನು ನೆನೆದು ಹೋದರೆ ನಿರಾಶೆಯಾಗುತ್ತದೆ. ಹೂಗಳ ಪಾತಿಯಾಗಲಿ, ಗಾಜಿನ ಮನೆಯಾಗಲಿ ಇಲ್ಲ. ಬೆಟ್ಟದ ಗಿಡಗಳನ್ನು ಬೆಟ್ಟದಲ್ಲಿಯೇ, ಅವು ಬೆಳೆದಂತೆಯೇ ಬಿಟ್ಟಿದ್ದಾರೆ. ಪಕ್ಕದಲ್ಲಿ ಬಂಡೆಯ ಗುಹೆಗೆ ಗೋಡೆ ಕಟ್ಟಿ ಮಾಡಿದ ಪುಟ್ಟ ಕೋಟೆಯೊಂದಿದೆ. ಅಪ್ಪನ ಮೊಣಕಾಲಿಗೆ ಈ ನಡಿಗೆ ತಡೆಯುತ್ತದೆ ಎಂದುಕೊಂಡಿದ್ದೇನೆ, ಆದರೆ ಇಲ್ಲಿಯೂ ನೆಲ ಕಲ್ಲಿನದೇ.

ದಾರಿಯಲ್ಲಿ ಪಾಳುಬಿದ್ದ ಕಲ್ಲಿನ ಮನೆಗಳು ಕಂಡರೆ ಆಶ್ಚರ್ಯಪಡಬೇಡಿ. 1962ರ ಜನವರಿಯಲ್ಲಿ ಇಲ್ಲಿ ಭೂಕಂಪಗಳಾಗಿ, ಬೆಟ್ಟದ ಬುಡದ ಹಳ್ಳಿಗಳ ಜನ ಕೆಳಗಿಳಿದು ಕಡಲ ತಡಿಯಲ್ಲಿ ನೆಲೆಸಿದರು. ಇಂದಿನ ಹೋಟೆಲುಗಳ ಸಾಲಿನ ಮೇಲೆ ಒಂದು ಹಳೆಯ ಊರಿನ ಸಾಲು ಖಾಲಿಯಾಗಿ ಉಳಿದಿರುವುದು ಹೀಗೆ.

ಪ್ರತಿಕ್ರಿಯೆ — ತುಂಗಾತೀರ

ಮೂವರಿಗೂ ಧನ್ಯವಾದಗಳು. ಅಪ್ಪ, ಅಮ್ಮನ ಕಾರ್ಯಕ್ರಮ ಸ್ಪಷ್ಟವಾಯಿತು. ನನ್ನ ನಡಿಗೆಯ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಉಳಿದಿದೆ. ಇಳಿಯುವುದಕ್ಕೆ ಬೇರೆ ಸುಲಭದ ದಾರಿ ಇದೆಯೇ? ನಕ್ಷೆಯಲ್ಲಿ ಟುಚೆಪಿ ಕಡೆಗೆ, ಬಾಷ್ಕಾ ವೋದಾ ಕಡೆಗೆ ಹಲವು ಗೆರೆಗಳು ಕಾಣುತ್ತಿವೆ.

ಉತ್ತರ — ಗಾಳಿಗುಡ್ಡ

ನಕ್ಷೆಯ ಗೆರೆಗಳನ್ನು ನಂಬಿ ಪಾಠ ಕಲಿತವನು ನಾನು, ಆದ್ದರಿಂದ ಹೇಳುವ ಅಧಿಕಾರವಿದೆ.

ಎರಡು ವರ್ಷಗಳ ಹಿಂದೆ ವೊಶಾತ್ಸ್‌ನಿಂದ ಇಳಿಯುವಾಗ, ಫೋನಿನ ನಕ್ಷೆಯಲ್ಲಿ ಚುಕ್ಕೆಚುಕ್ಕೆಯಾಗಿ ಕಂಡ ಒಂದು ಅಡ್ಡದಾರಿಯನ್ನು ಹಿಡಿದೆ. ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಇತ್ತು. ಆಮೇಲೆ ದಾರಿ ಜಲ್ಲಿಯ ಜಾರುಬಂಡೆಯಾಯಿತು, ಅದರಾಚೆ ಅಂಚು, ಅಂಚಿನಾಚೆ ಮಕಾರ್ಸ್ಕಾದ ಕೆಂಪು ಹೆಂಚುಗಳು. ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕಾಯಿತು, ನೀರು ಅಲ್ಲಿಯೇ ಮುಗಿಯಿತು. ಸರಿಯಾದ ದಾರಿಗೆ ಮರಳಿ, ಬಂಡೆಯ ಮೇಲೆ ಕೆಂಪು ಉಂಗುರದ ನಡುವಿನ ಬಿಳಿ ಚುಕ್ಕೆಯನ್ನು ಕಂಡಾಗ ಹಣೆಯ ಕುಂಕುಮ ಕಂಡಷ್ಟು ಸಮಾಧಾನವಾಯಿತು. ಕ್ರೊಯೇಷಿಯಾದ ಬೆಟ್ಟಗಳಲ್ಲೆಲ್ಲ ಗುರುತು ಇದೇ. ಎಂಟು ಹತ್ತು ನಿಮಿಷ ನಡೆದರೂ ಅದು ಕಾಣದಿದ್ದರೆ, ಮುಂದೆ ಹೋಗಿ ನೋಡೋಣ ಎನ್ನದೆ ಕೊನೆಯ ಗುರುತಿನ ಬಳಿಗೆ ಹಿಂದಿರುಗಿ.

ನೀವು ಕೇಳಿದ ಸುಲಭದ ಇಳಿದಾರಿ ಎಂಬುದು ಕಡಲಿನ ಮುಖದಲ್ಲಿ ಇಲ್ಲ. ಟುಚೆಪಿ ಕಡೆಯದೂ ಕಡಿದೇ. ಬಾಷ್ಕಾ ವೋದಾದ ಮೇಲಿನ ಬಾಸ್ತ್ ಹಳ್ಳಿಯಿಂದ 1642 ಮೀಟರಿನ ಸ್ವೇತಿ ಇಲಿಯಾಗೆ ಹೋಗುವ ದಾರಿ ಬಹಳ ಸುಂದರ. ಕಾರುಗಳ ಸದ್ದಿಲ್ಲ, ಗುಂಪಿಲ್ಲ. ಆದರೆ ಅದೇ ಒಂದು ಪೂರ್ಣ ದಿನದ ಕೆಲಸ, ನಿಮ್ಮ ಯೋಜನೆಗೆ ಅಂಟಿಸುವಂಥದ್ದಲ್ಲ. ಎರಡನೆಯ ಸಲ ಬಂದಾಗ ಮಾಡಿ.

ಹಳೆಬೂಟು ಅವರ ಹತ್ತು ಹನ್ನೊಂದು ಗಂಟೆಯ ಲೆಕ್ಕ ಸರಿ, ಆದರೆ ಅದು ಮೊಣಕಾಲಿನ ಲೆಕ್ಕವಲ್ಲ. ಹತ್ತುವಾಗ ಎದೆ ಬಡಿದುಕೊಳ್ಳುತ್ತದೆ, ನಿಂತರೆ ಸುಧಾರಿಸುತ್ತದೆ. ಸಡಿಲ ಕಲ್ಲಿನ ಮೇಲೆ 1500 ಮೀಟರ್ ಇಳಿಯುವಾಗ ದಣಿಯುವ ಮೊಣಕಾಲು ನಿಂತರೂ ಸುಧಾರಿಸುವುದಿಲ್ಲ. ಕಾಲು ಹೊರಳುವುದು ಕೊನೆಯ ಒಂದು ಗಂಟೆಯಲ್ಲಿಯೇ.

ಗಾಳಿಯ ವಿಷಯವನ್ನು ಮರೆಯಬೇಡಿ. ಬುರಾ ಎಂಬ ತಣ್ಣನೆಯ ಗಾಳಿ ಈಶಾನ್ಯದಿಂದ ಬಂದು ಬೆಟ್ಟದ ನೆತ್ತಿಯಿಂದ ಕಡಲಿಗೆ ಧುಮುಕುತ್ತದೆ. ಅದರ ಅಬ್ಬರ ಚಳಿಗಾಲದಲ್ಲಿ ಹೆಚ್ಚು, ಆದರೆ ಜೂನ್‌ನಲ್ಲಿ ಬರುವುದಿಲ್ಲ ಎಂದೇನಿಲ್ಲ. ಬುರಾ ಬೀಸಿ ನಿಂತ ಮರುದಿನ ಗಾಳಿ ತೊಳೆದಿಟ್ಟಂತಿರುತ್ತದೆ. ತೀರ ಸ್ವಚ್ಛವಾದ ದಿನಗಳಲ್ಲಿ ಸ್ವೇತಿ ಯೂರೆಯಿಂದ ಆಡ್ರಿಯಾಟಿಕ್‌ನ ಆಚೆ ದಡದ ಇಟಲಿಯ ಗಾರ್ಗಾನೊ ಬೆಟ್ಟಗಳೂ ಕಾಣುತ್ತವೆ. ನಾಲ್ಕು ದಿನಗಳಲ್ಲಿ ಅಂತಹ ದಿನವೊಂದು ಸಿಕ್ಕರೆ ಉಳಿದ ಕಾರ್ಯಕ್ರಮವನ್ನೆಲ್ಲ ಪಕ್ಕಕ್ಕಿಟ್ಟು ಮೇಲೆ ಹೋಗಿ.

ತುರ್ತಿಗೆ 112. ಬೆಟ್ಟದಲ್ಲಿ ಹುಡುಕಿ ಇಳಿಸುವವರು 1950ರಲ್ಲಿ ಆರಂಭವಾದ ಪರ್ವತ ರಕ್ಷಣಾ ಸೇವೆಯ ಸ್ವಯಂಸೇವಕರು. ಅದಕ್ಕೆ ಹಣ ಕೇಳುವುದಿಲ್ಲ. ಕೇಳುವುದಿಲ್ಲ ಎಂಬ ಕಾರಣಕ್ಕೇ ಚಪ್ಪಲಿಯಲ್ಲಿ ಹತ್ತಿ ಅವರನ್ನು ಕರೆಸುವ ಪ್ರವಾಸಿಗರ ಸಾಲಿಗೆ ನಾವು ಸೇರಬಾರದು.

ಉತ್ತರ — ಕಾಫಿತೋಟ

ಇಷ್ಟನ್ನೂ ಓದಿದ ಮೇಲೆ ನನಗೆ ಹೊಳೆದದ್ದು ಇದು. ತುಂಗಾತೀರ ಅವರೇ, ನಿಮ್ಮ ಮನೆಯವರು ಕಾರು ಓಡಿಸುತ್ತಾರೆಯೇ? ಓಡಿಸುವುದಾದರೆ ನೀವು ನಸುಕಿನಲ್ಲಿ ಮಕಾರ್‌ನಿಂದ ಹತ್ತಿ, ಅವರು ಬೆಳಗಿನ ಟಿಕೆಟಿನಲ್ಲಿ ಅಪ್ಪ, ಅಮ್ಮನನ್ನು ಕೂರಿಸಿಕೊಂಡು ಗೇಟಿನಿಂದ ಬಂದರೆ, ಹತ್ತು ಗಂಟೆಯ ಹೊತ್ತಿಗೆ ಎಲ್ಲರೂ ವೊಶಾತ್ಸ್‌ನಲ್ಲಿ ಒಟ್ಟಿಗೆ ಇರಬಹುದು. ಮುಂದೆ ಸ್ವೇತಿ ಯೂರೆಗೆ ಕಾರಿನಲ್ಲಿಯೇ ಹೋಗಿ, ಕಾರಿನಲ್ಲಿಯೇ ಇಳಿಯಿರಿ. ಗಾಜಿನ ನಡಿಗೆಮಾರ್ಗವೂ ಇಳಿಯುವ ದಾರಿಯಲ್ಲಿಯೇ ಸಿಗುತ್ತದೆ.

ಪ್ರತಿಕ್ರಿಯೆ — ತುಂಗಾತೀರ

ಓಡಿಸುತ್ತಾಳೆ, ನನಗಿಂತ ಚೆನ್ನಾಗಿಯೇ. ಚಿಕ್ಕಮಗಳೂರಿನವಳು, ಚಾರ್ಮಾಡಿಯಲ್ಲಿ ಮಳೆಗಾಲದಲ್ಲಿ ಓಡಿಸಿದವಳು. ಈ ಯೋಜನೆಯನ್ನು ಓದಿ ಹೇಳಿದಾಗ, ನೀರನ್ನೂ ಊಟವನ್ನೂ ಕಾರಿನಲ್ಲಿ ತರುತ್ತೇನೆ, ನೀವು ಖಾಲಿ ಕೈಯಲ್ಲಿ ಹತ್ತಿ ಎಂದಳು.

ಉತ್ತರ — ಹಳೆಬೂಟು

ಯೋಜನೆ ಬಹಳ ಚೆನ್ನಾಗಿದೆ, ನನ್ನದಕ್ಕಿಂತ ಉತ್ತಮ. ಆದರೆ ಖಾಲಿ ಕೈಯ ಮಾತಿಗೆ ಮಾತ್ರ ಒಪ್ಪಬೇಡಿ. ಗೇಟಿನಲ್ಲಿ ತಡವಾಗಬಹುದು, ಗಾಳಿಗೆ ರಸ್ತೆ ಮುಚ್ಚಬಹುದು, ಬಂಡೆಯ ಮರೆಯಲ್ಲಿ ಫೋನು ಸಿಗದೆ ಹೋಗಬಹುದು. ಕಾರು ಬರುವುದೇ ಇಲ್ಲವೇನೋ ಎಂಬಂತೆ ಮೂರು ಲೀಟರ್ ನೀರನ್ನು ಬೆನ್ನಿಗೆ ಹಾಕಿಕೊಂಡೇ ಹೊರಡಿ. ಇಂತಿಷ್ಟು ಗಂಟೆಯೊಳಗೆ ಭೇಟಿಯಾಗದಿದ್ದರೆ ಯಾರು ಎಲ್ಲಿ ಕಾಯಬೇಕು ಎಂಬುದನ್ನು ಹಿಂದಿನ ರಾತ್ರಿಯೇ ನಿಶ್ಚಯಿಸಿಕೊಳ್ಳಿ. ಶಿಖರದ ಕೆಳಗಿನ ಚಾರಣಿಗರ ತಂಗುಮನೆ ಅದಕ್ಕೆ ಸರಿಯಾದ ಜಾಗ. ನಡೆದು ಬರುವವರಿಗೂ ಉದ್ಯಾನದ ಪ್ರವೇಶ ಟಿಕೆಟ್ ಇದೆ, ಕಾರಿನವರ ಜೊತೆಗೆ ನಿಮ್ಮದನ್ನೂ ತೆಗೆದಿಡಿ.